ಮತ ಜಾಸ್ತಿ, ಸೀಟು ಕಡಿಮೆ: ತಪ್ಪು ಗಡಿಯದ್ದೇ?

ಕೇಳುಗರಿಗೆ ನಮಸ್ಕಾರ. ಪ್ರತಿ ಚುನಾವಣೆ ಮುಗಿದ ಮೇಲೂ ಒಂದು ದೂರು ಇದ್ದೇ ಇರುತ್ತದೆ, ಅಲ್ವಾ? ಮತ ಬಂತು, ಸೀಟು ಬರಲಿಲ್ಲ, ಕ್ಷೇತ್ರದ ಗಡಿಯನ್ನೇ ಬೇಕಂತ ಹಾಗೆ ಎಳೆದಿದ್ದಾರೆ ಅಂತ. ಅಮೆರಿಕದಲ್ಲಿ ಇದಕ್ಕೆ ಜೆರಿಮ್ಯಾಂಡರಿಂಗ್ ಎನ್ನುತ್ತಾರೆ. ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಗಡಿ ಎಳೆಯುವವರು ಶಾಸಕರೇ, ಹಾಗಾಗಿ ಮೋಸ ಇದೆ. 2018ರಲ್ಲಿ ಅಲ್ಲಿನ ವಿಸ್ಕಾನ್ಸಿನ್ ರಾಜ್ಯದ ಶಾಸನಸಭೆಯ ಕೆಳಮನೆಗೆ ಡೆಮಾಕ್ರಾಟರು ಶೇ. 53ರಷ್ಟು ಮತ ತೆಗೆದುಕೊಂಡರೂ 99ರಲ್ಲಿ 36 ಸೀಟಷ್ಟೇ ಗೆದ್ದರು. ಆದರೆ ದಯವಿಟ್ಟು ಎಲ್ಲದಕ್ಕೂ ಗಡಿಯನ್ನೇ ಬೈಯಬೇಡಿ. ಗಡಿ ಮುಟ್ಟದೆಯೂ ಲೆಕ್ಕ ತಲೆಕೆಳಗಾಗುತ್ತದೆ.

ಸಂತೇಮರಹಳ್ಳಿ ನೆನಪಿದೆಯಾ? ನಮ್ಮ ಚಾಮರಾಜನಗರ ಜಿಲ್ಲೆಯದ್ದು, 2004ರ ಚುನಾವಣೆ. ಕಾಂಗ್ರೆಸ್‌ನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ! ಆ 40,751 ಜನ ಬಿಸಿಲಲ್ಲಿ ಸಾಲು ನಿಂತು ಒತ್ತಿದ ಗುಂಡಿ ಪಕ್ಷದ ಒಟ್ಟು ಮತಕ್ಕೆ ಸೇರಿತು, ಸೀಟಿನ ಲೆಕ್ಕದಲ್ಲಿ ಸೊನ್ನೆ. ಮುಂದೆ ಕೇಳಿ. 2008ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಹೋಯಿತು. 2023ರಲ್ಲಿ ಅದೇ ಕೃಷ್ಣಮೂರ್ತಿಯವರು ಕಾಂಗ್ರೆಸ್‌ನಿಂದ ಕೊಳ್ಳೇಗಾಲದಲ್ಲಿ ನಿಂತು 59 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಸಿಕ್ಕಿದ್ದೆಷ್ಟು? ಒಂದೇ ಸೀಟು. ಒಂದು ಮತದಿಂದ ಗೆದ್ದರೂ ಒಂದು, 59 ಸಾವಿರದಿಂದ ಗೆದ್ದರೂ ಒಂದು. ಮತ ಎಷ್ಟು ಅನ್ನೋದಕ್ಕಿಂತ ಎಲ್ಲೆಲ್ಲಿ ಬಿತ್ತು ಅನ್ನೋದೇ ಮುಖ್ಯ.

ಇಡೀ ರಾಜ್ಯಕ್ಕೂ ಇದೇ ಮಾತು. 2018ರಲ್ಲಿ ಕಾಂಗ್ರೆಸ್‌ಗೆ ಶೇ. 38 ಮತ, 80 ಸೀಟು. ಬಿಜೆಪಿಗೆ ಶೇ. 36 ಮತ, 104 ಸೀಟು. ಆಗ ಗಡಿಯ ಮೋಸ ಅಂದವರು 2023 ನೋಡಬೇಕು. ಗಡಿ ಅದೇ, ಬಿಜೆಪಿ ಮತವೂ ಹೆಚ್ಚುಕಡಿಮೆ ಅದೇ ಶೇ. 36, ಸೀಟು ಮಾತ್ರ 66! ಏನಾಯಿತು? ಹಳೇ ಮೈಸೂರು ಭಾಗದಲ್ಲಿ ಅವರಿಗೆ ಮತ ಏರಿತು, ಆದರೆ ಗೆಲ್ಲುವಷ್ಟು ಅಲ್ಲ. ಬೇರೆ ಕಡೆ ಇಳಿಯಿತು, ಗೆಲ್ಲುತ್ತಿದ್ದ ಸೀಟು ಹೋದವು. ಅತ್ತ ಜೆಡಿಎಸ್ ಕುಗ್ಗಿ, ಕಾಂಗ್ರೆಸ್ ಶೇ. 43ರ ಹತ್ತಿರ ಮುಟ್ಟಿ 135 ಗೆದ್ದಿತು. ಯಾರೂ ಒಂದು ಗೆರೆಯನ್ನೂ ಅಲುಗಾಡಿಸಿರಲಿಲ್ಲ.

ಸಮಯ ಆಗ್ತಾ ಬಂತು, ಬ್ರಿಟನ್ ವಿಷಯ ಬೇಗ ಹೇಳಿಬಿಡುತ್ತೇನೆ. ಅಲ್ಲಿ ಗಡಿ ಎಳೆಯುವುದು ಸ್ವತಂತ್ರ ಆಯೋಗ. ಆದರೂ 2024ರಲ್ಲಿ ರಿಫಾರ್ಮ್ ಪಕ್ಷಕ್ಕೆ ಶೇ. 14 ಮತಕ್ಕೆ 5 ಸೀಟು, ಲಿಬರಲ್ ಡೆಮಾಕ್ರಾಟರಿಗೆ ಶೇ. 12ಕ್ಕೆ 72. ಲಿಬರಲ್ ಡೆಮಾಕ್ರಾಟರ ಮತ ಕೆಲವೇ ಊರುಗಳಲ್ಲಿ ಗಟ್ಟಿಯಾಗಿತ್ತು, ರಿಫಾರ್ಮ್‌ನದ್ದು ದೇಶದ ತುಂಬ ತೆಳ್ಳಗೆ ಹರಡಿತ್ತು, ಅಷ್ಟೇ. ನಮಸ್ಕಾರ.