ಕುಕ್ಕುವ ಕೋಳಿಯನ್ನು ಸಾರಿಗೆ ಹಾಕುವ ಮುಂಚೆ

ಕೊಡಗಿನ ಕಕ್ಕಡ ತಿಂಗಳು, ಅಂದರೆ ಜುಲೈ ಆಗಸ್ಟ್ ಹೊತ್ತು. ಹೊರಗೆ ಜಡಿಮಳೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಏಳು ಕೋಳಿ ಹೊರಗೆ ಬಂದವು, ಎಂಟನೆಯದು ಬರಲಿಲ್ಲ. ನಮ್ಮ ಚುಕ್ಕಿ ಹೇಂಟೆ ಮೂಲೆಗೆ ತಲೆ ತೂರಿಸಿಕೊಂಡು ನಿಂತಿತ್ತು. ಎತ್ತಿಕೊಂಡೆ. ಬಾಲದ ಬುಡದಲ್ಲಿ ಗರಿಯೇ ಇಲ್ಲ, ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಕಿತ್ತು ಹೋಗಿತ್ತು. ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಅನ್ನುತ್ತಿತ್ತು.

ಕುಕ್ಕಿದ್ದು ಕೆಂಪು ಹೇಂಟೆ. ಕೊಕ್ಕಿನ ತುದಿಯಲ್ಲಿ ಗರಿ ಅಂಟಿಕೊಂಡಿತ್ತು. ಮನೆಯಲ್ಲಿ ಎಲ್ಲರದ್ದೂ ಒಂದೇ ತೀರ್ಪು: ಅದು ಕೆಟ್ಟ ಜಾತಿ, ಇವತ್ತೇ ಸಾರು ಮಾಡಿ, ನೂಪುಟ್ಟಿಗೆ (ಒತ್ತು ಶಾವಿಗೆಗೆ) ಚೆನ್ನಾಗಿರುತ್ತದೆ.

ನಾನು ಇದನ್ನು ಒಪ್ಪುವುದಿಲ್ಲ. ಫೆಬ್ರವರಿಯಲ್ಲಿ ಅದೇ ಕೆಂಪು ಹೇಂಟೆ ಯಾರ ತಂಟೆಗೂ ಹೋಗಿರಲಿಲ್ಲ. ಇಡೀ ದಿನ ಕಾಫಿ ಗಿಡದ ಬುಡ ಕೆದಕುತ್ತಿತ್ತು. ಹುಳ, ಗೆದ್ದಲು, ಎರೆಹುಳ ಎಲ್ಲ ಸಿಗುತ್ತಿತ್ತು. ಮಳೆ ಹಿಡಿದ ಮೇಲೆ ಅದಕ್ಕೆ ಸಿಕ್ಕಿದ್ದು ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಗೂಡು ಮತ್ತು ನುಚ್ಚಕ್ಕಿ. ಎಂಟು ಕೋಳಿಗೆ 16 ಚದರ ಅಡಿ. ಒಂದಕ್ಕೆ ಎರಡೇ ಚದರ ಅಡಿ. ಕನಿಷ್ಠ ನಾಲ್ಕು ಚದರ ಅಡಿಯಾದರೂ ಬೇಕು. ಬರೀ ನುಚ್ಚಿನಲ್ಲಿ ಪ್ರೋಟೀನ್ ಸಾಲದು. ಸಾಲದಿದ್ದಾಗ ಪಕ್ಕದ ಕೋಳಿಯ ಗರಿಯನ್ನೇ ಕಿತ್ತು ತಿನ್ನುವುದುಂಟು. ತಪ್ಪು ನನ್ನದು, ಕೋಳಿಯದ್ದಲ್ಲ.

ಕೋಳಿಗಳಲ್ಲಿ ಮೇಲು ಕೆಳಗು ಇರುವುದು ಸಹಜ. ಯಾರು ಯಾರನ್ನು ಕುಕ್ಕಬಹುದು ಅನ್ನುವ ಸಾಲೇ ಇರುತ್ತದೆ. ನಾರ್ವೆಯ ಷೆಲ್ಡರುಪ್ ಎಬ್ಬೆ ಎಂಬ ವಿಜ್ಞಾನಿ 1920ರ ದಶಕದಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಒಂದು ಕುಕ್ಕು, ಇನ್ನೊಂದು ದೂರ ಸರಿಯುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಸರಿಯಲು ಜಾಗವೇ ಇಲ್ಲದಿದ್ದರೆ? ಆಗ ರಕ್ತ ಬರುತ್ತದೆ. ಕೆಂಪು ಕಂಡರೆ ಉಳಿದವೂ ಸೇರಿಕೊಳ್ಳುತ್ತವೆ. ಸಂಜೆಯೊಳಗೆ ಕೊಂದೇ ಬಿಡಬಹುದು.

ಹಾಗಾಗಿ ಗಾಯ ಕಂಡ ಕ್ಷಣ ಆ ಕೋಳಿಯನ್ನು ಬೇರೆ ಮಾಡಿ. ನಾಳೆ ನೋಡೋಣ ಅನ್ನಬೇಡಿ. ನಾನು ಚುಕ್ಕಿಯನ್ನು ಸೌದೆ ಕೊಟ್ಟಿಗೆಯಲ್ಲಿ, ಒಣ ಗೋಣಿ ಹಾಸಿದ ಬುಟ್ಟಿಯಲ್ಲಿ ಇಟ್ಟೆ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಗಾಯ ತೊಳೆದೆ. ಆಮೇಲೆ ಗಾಯಕ್ಕೆ ಹಚ್ಚುವ ಕಂದು ಔಷಧ ಪೊವಿಡೋನ್ ಅಯೋಡಿನ್ ಅನ್ನು, ಹಾಲಿಲ್ಲದ ತಿಳಿ ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಹಚ್ಚಿದೆ. ತುಂಬ ಜನ ತೊಳೆಯದೆಯೇ ಅರಿಶಿನ ಮೆತ್ತಿಬಿಡುತ್ತಾರೆ. ಹಾಗೆ ಮಾಡಿದರೆ ಕೊಳೆ ಒಳಗೇ ಉಳಿಯುತ್ತದೆ.

ನಮ್ಮ ಮಳೆಗಾಲದಲ್ಲಿ ನನಗೆ ಜಾಸ್ತಿ ಭಯ ನೊಣದ್ದು. ಹಸಿ ಗಾಯದಲ್ಲಿ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ದಿನಕ್ಕೆ ಎರಡು ಸಲ ಗರಿ ಬಿಡಿಸಿ ನೋಡಲೇಬೇಕು. ಹುಳ ಕಂಡರೆ, ಮಾಂಸ ಕಂಡರೆ, ಪಶು ವೈದ್ಯರ ಹತ್ತಿರ ಹೋಗಿ. ಒಂದು ಕೋಳಿಗೆ ಡಾಕ್ಟರಾ ಅಂತ ನಾಚಿಕೆ ಬೇಡ. ಸಾಕಿದವರು ನಾವು, ಅಲ್ವಾ?

ಕೆಂಪು ಹೇಂಟೆಯನ್ನೂ ನಾಲ್ಕು ದಿನ ಬೇರೆ ಇಟ್ಟೆ. ಶಿಕ್ಷೆಗಲ್ಲ. ಹೊರಗಿದ್ದು ಬಂದ ಕೋಳಿಗೆ ಸಾಲಿನಲ್ಲಿ ಹಳೆಯ ಜಾಗ ಸುಲಭಕ್ಕೆ ಸಿಗುವುದಿಲ್ಲ, ಜೋರು ತಗ್ಗುತ್ತದೆ. ಅಷ್ಟರಲ್ಲಿ ಗೂಡಿನ ಮುಂದೆ ತಗಡಿನ ಮಾಡು ಎಳೆದು ಜಾಗ ಹೆಚ್ಚಿಸಿದೆ. ಎರಡು ಕಡೆ ತಟ್ಟೆ ಇಟ್ಟೆ. ನುಚ್ಚಿನ ಬದಲು ಮೊಟ್ಟೆ ಕೋಳಿಯ ಫೀಡ್ ಹಾಕಿದೆ. ಒಂದು ಹಿಡಿ ಸೊಪ್ಪನ್ನು ಹಗ್ಗಕ್ಕೆ ಕಟ್ಟಿ ನೇತುಹಾಕಿದೆ. ಕುಕ್ಕುವ ಕೊಕ್ಕಿಗೆ ಕೆಲಸ ಬೇಕು.

ಚುಕ್ಕಿಯನ್ನು ಸುಮ್ನೆ ತಂದು ಒಳಗೆ ಬಿಡಲಿಲ್ಲ. ಗಾಯ ಒಣಗಿ ಗರಿ ಮೂಡಿದ ಮೇಲೆ, ಒಂದು ವಾರ ಜಾಲರಿಯ ಆಚೆ ಇಟ್ಟೆ. ನೋಡುತ್ತಿರಲಿ, ಮುಟ್ಟದಿರಲಿ ಅಂತ. ಎಂಟನೆಯ ದಿನ ಕತ್ತಲಾದ ಮೇಲೆ ಮೆಲ್ಲಗೆ ಅಡ್ಡಗೋಲಿನ ಮೇಲೆ ಕೂರಿಸಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಎಂಟೂ ಹೊರಗೆ ಬಂದವು. ಕೆಂಪು ಹೇಂಟೆ ಅದನ್ನು ಒಂದು ಸಲ ಕುಕ್ಕಿತು. ಚುಕ್ಕಿ ಎರಡು ಹೆಜ್ಜೆ ಸರಿದು, ಇನ್ನೊಂದು ತಟ್ಟೆಗೆ ಹೋಯಿತು.