ದಿಲ್ಲಿಯ ಕಾಯ್ದೆ ನಮ್ಮ ಓಣಿಗೆ ಬರುವಾಗ

ಭಾನುವಾರ ಸಂಜೆ ಬಿಡುವು ಮಾಡಿಕೊಂಡು ಮುಂಬಯಿಯ ಮಾಟುಂಗದ ಈ ಸಭಾಂಗಣಕ್ಕೆ ಬಂದಿರುವ ಹಿರಿಯರೇ, ತಾಯಂದಿರೇ, ಹೋಟೆಲಿನ ಪಾಳಿ ಬದಲಿಸಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುವ ತಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಸಂಸದರೊಬ್ಬರ ಕಾರ್ಯವರದಿಯ ಪುಸ್ತಿಕೆ ಕಳೆದ ತಿಂಗಳು ನನ್ನ ಮನೆಗೆ ಬಂತು. ಹೊಳೆಯುವ ಕಾಗದ, ಅಚ್ಚುಕಟ್ಟಾದ ಮುದ್ರಣ. ವಕೀಲಿಕೆ ಮಾಡಿದವನ ಅಭ್ಯಾಸ, ಪೆನ್ಸಿಲ್ ಹಿಡಿದೇ ಓದಿದೆ. ಮೊದಲರ್ಧದಲ್ಲಿ ಸಂಸತ್ತು ಒಪ್ಪಿದ ಮಸೂದೆಗಳ ವಿವರ. ಉಳಿದರ್ಧದಲ್ಲಿ ಉದ್ಯಾನದ ವ್ಯಾಯಾಮ ಸಲಕರಣೆ, ಚಾಳಿನ ಶೌಚಾಲಯದ ದುರಸ್ತಿ, ಗಟಾರದ ಮೇಲಿನ ಹಾಸುಗಲ್ಲು. ಎರಡೂ ಬೇಕಾದದ್ದೇ. ಆದರೆ ಇವುಗಳ ನಡುವೆ ಇನ್ನೊಂದು ಪುಟ ಇರಬೇಕಿತ್ತು. ದಿಲ್ಲಿಯಲ್ಲಿ ಪಾಸಾದ ಕಾಯ್ದೆ ನಮ್ಮ ವಾರ್ಡಿಗೆ ತಲುಪಿದೆಯೇ, ತಲುಪದಿದ್ದರೆ ಯಾರ ಮೇಜಿನ ಮೇಲೆ ಕುಳಿತಿದೆ ಎಂದು ಹೇಳುವ ಪುಟ. ಅದನ್ನು ನಾವೇ ಕೇಳಿ ಬರೆಸಿಕೊಳ್ಳಬೇಕು ಎಂಬ ಒಂದೇ ಮಾತು ಹೇಳಲು ನಾನು ಇಲ್ಲಿ ನಿಂತಿದ್ದೇನೆ.

ನನಗೆ ಈ ಮಾತು ಹೊಳೆದದ್ದು ಪುಸ್ತಕದಿಂದಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆಯ ಅಕ್ಕನೊಬ್ಬಳು ಒಮ್ಮೆ ನನ್ನ ಬಳಿಗೆ ಬಂದಳು. ರೈಲು ನಿಲ್ದಾಣದ ಹೊರಗೆ ಸೊಪ್ಪು ಮಾರುವವಳು. ಮೆಂತ್ಯ, ಕೊತ್ತಂಬರಿಯ ಜೊತೆಗೆ ನಮ್ಮ ಕಡೆಯವರಿಗೆಂದೇ ಪುಂಡಿಪಲ್ಲೆಯ ಕಟ್ಟುಗಳನ್ನೂ ತರಿಸುತ್ತಿದ್ದಳು. ಒಂದು ಬೆಳಗ್ಗೆ ಪಾಲಿಕೆಯ ಗಾಡಿ ಬಂದು ಬುಟ್ಟಿಯನ್ನು ಎತ್ತಿಕೊಂಡು ಹೋಗಿತ್ತು. ಮೂರು ದಿನ ಅಲೆದು ಬಿಡಿಸಿಕೊಂಡಾಗ ಬುಟ್ಟಿಯಲ್ಲಿ ಉಳಿದಿದ್ದದ್ದು ಕಪ್ಪಾದ ಕೊಳೆತ ಸೊಪ್ಪು.

ಅವಳು ಬಿಸ್ಕತ್ತಿನ ಡಬ್ಬವೊಂದನ್ನು ನನ್ನ ಮುಂದೆ ತೆರೆದಳು. ಒಳಗೆ ವರ್ಷಗಳಿಂದ ಕಟ್ಟಿದ ದಂಡದ ಪಾವತಿಗಳು, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳಾಗಿ. ಕೆಲವು ಹಳೆಯವುಗಳಲ್ಲಿ ಶಾಯಿ ಪೂರ್ತಿ ಮಾಸಿತ್ತು. ಅವಳಿಗೆ ಓದಲು ಬಾರದು. ಕಾಗದದ ಬಣ್ಣ ನೋಡಿಯೇ, "ಇದು ನನ್ನ ದೊಡ್ಡ ಮಗಳು ಹುಟ್ಟಿದ ವರ್ಷದ್ದು ಸಾಹೇಬರೇ, ಇದು ನನ್ನ ಮನೆಯವರು ತೀರಿಕೊಂಡ ವರ್ಷದ್ದು" ಎಂದು ಎತ್ತಿ ತೋರಿಸಿದಳು. ದಂಡ ಕಟ್ಟಿದ ರಸೀದಿಯೇ ತಾನು ಆ ಜಾಗದಲ್ಲಿ ಇದ್ದೆನೆಂಬುದಕ್ಕೆ ಅವಳ ಬಳಿ ಇದ್ದ ಏಕೈಕ ಪುರಾವೆ!

ಆ ಅಕ್ಕನ ಹೆಸರಿನಲ್ಲಿಯೇ ಎನ್ನುವಂಥ ಒಂದು ಕಾಯ್ದೆ ಇದೆ. ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಯ ಕಾಯ್ದೆ, 2014ರದ್ದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಸ್ಥಳಾಂತರ ಮಾಡುವುದಾದರೆ 30 ದಿನಗಳ ನೋಟಿಸ್ ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದುಕೊಡಬೇಕು. ಈಗ ಕೇಳಿ: ಸೊಪ್ಪು, ಹಣ್ಣು, ಮೀನಿನಂಥ ಕೆಡುವ ಪದಾರ್ಥವನ್ನು ವ್ಯಾಪಾರಿ ಬಂದು ಕೇಳಿದ ದಿನವೇ ಮರಳಿಸಬೇಕು. ಕೆಡದ ಸಾಮಾನನ್ನು ಎರಡು ಕೆಲಸದ ದಿನಗಳೊಳಗೆ. ದಿಲ್ಲಿಯಲ್ಲಿ ಕುಳಿತು ಬರೆದವರು ಸೊಪ್ಪು ಸಂಜೆಗೆ ಬಾಡುತ್ತದೆ ಎಂಬುದನ್ನೂ ನೆನಪಿಟ್ಟಿದ್ದರು. ಇದನ್ನು ಓದಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನಿ" ಎಂದಳು.

ಪೂಜಾರಿ ಯಾರು ಎಂದು ಹುಡುಕೋಣ. ಸಂಸತ್ತು ಕಾಯ್ದೆ ಮಾಡುತ್ತದೆ. ನಿಯಮಗಳನ್ನು ರಾಜ್ಯ ಸರ್ಕಾರ ರೂಪಿಸಬೇಕು. ಯಾರು ಎಲ್ಲಿ ಕೂರಬಹುದು ಎಂಬ ವಿಷಯದಲ್ಲಿ ಪಾಲಿಕೆ ನಗರ ಮಾರಾಟ ಸಮಿತಿಯ ಸಲಹೆ ಪಡೆಯಬೇಕು. ಆಯುಕ್ತರು ಅದರ ಅಧ್ಯಕ್ಷರು. ಸದಸ್ಯರಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದರಷ್ಟು ಮಹಿಳೆಯರು. ಮುಂಬಯಿಯಲ್ಲಿ ಸಮೀಕ್ಷೆ 2014ರಲ್ಲಿಯೇ ಆಯಿತು. ಸುಮಾರು 99 ಸಾವಿರ ಮಂದಿ ದಾಖಲಾದರು. ಸಮಿತಿಗೆ ಚುನಾವಣೆ ನಡೆದದ್ದು 2024ರ ಆಗಸ್ಟ್‌ನಲ್ಲಿ, ಮತದಾರರ ಪಟ್ಟಿಯಲ್ಲಿದ್ದವರು ಸುಮಾರು 32 ಸಾವಿರ. ಕಾಯ್ದೆ ಹುಟ್ಟಿದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಐದನೆಯ ತರಗತಿಗೆ ಬಂದಿತ್ತು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಪಾದಚಾರಿಗಳಿಗೂ ಹಕ್ಕಿದೆ, ದಾದರಿನ ಜನಜಂಗುಳಿಯಲ್ಲಿ ಮೊಮ್ಮಗುವಿನ ಕೈ ಹಿಡಿದು ನಡೆದ ನನಗೆ ಅದು ಗೊತ್ತು. ಎಲ್ಲಿ ಕೂರಬಹುದು, ಎಲ್ಲಿ ಕೂಡದು ಎಂಬ ಗೆರೆ ಎಳೆಯುವುದಕ್ಕಾಗಿಯೇ ಈ ಸಮಿತಿ. ಗೆರೆ ಎಳೆಯದೇ ಬಿಟ್ಟರೆ ನಡೆಯುವವರಿಗೂ ನ್ಯಾಯವಿಲ್ಲ, ಮಾರುವವರಿಗೂ ಇಲ್ಲ.

ಇನ್ನೊಂದು ಸಂಗತಿ ಮರೆಯಬಾರದು. ನಮ್ಮ ಪಾಲಿಕೆಯ ನಗರಸೇವಕರ, ಅಂದರೆ ವಾರ್ಡುಗಳಿಂದ ಆರಿಸಿಬಂದ ಸದಸ್ಯರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಮತ್ತೆ 227 ಸ್ಥಾನಗಳಿಗೆ ಮತದಾನ ಆದದ್ದು 2026ರ ಜನವರಿಯಲ್ಲಿ. ಸುಮಾರು ನಾಲ್ಕು ವರ್ಷ ಮುಂಬಯಿಗೆ 6 ಜನ ಲೋಕಸಭಾ ಸದಸ್ಯರಿದ್ದರು, 36 ಶಾಸಕರಿದ್ದರು, ಓಣಿಯ ಮೂಲೆಯಲ್ಲಿ ನಿಲ್ಲಿಸಿ ಕೇಳಬಹುದಾದ ಒಬ್ಬ ನಗರಸೇವಕನೂ ಇರಲಿಲ್ಲ. ಈಗ ಇದ್ದಾರೆ. ಅವರನ್ನೂ ಕೇಳಬೇಕು.

ಇನ್ನು ಹಿಂದಿನ ಸಾಲಿನ ತಮ್ಮಂದಿರಿಗೆ. ಹೋಟೆಲ್ ಕೆಲಸ ಮಾಡುತ್ತ ಕನ್ನಡದ ರಾತ್ರಿಶಾಲೆಯಲ್ಲಿ ಕಲಿತವನು ನಾನು. ಹಗಲೆಲ್ಲ ಮೇಜು ಒರೆಸಿದ ಕೈಯಲ್ಲಿ ರಾತ್ರಿ ಪಾಟಿ ಹಿಡಿದವನು. ನಾನು ಕೆಲಸಕ್ಕಿದ್ದೆ ಎನ್ನಲು ನನ್ನಲ್ಲಿ ಒಂದು ಚೀಟಿಯೂ ಇಲ್ಲ. ಹಾಗಾಗಿಯೇ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ನೇಮಕಾತಿ ಪತ್ರದ ಮಾತು. ಹಳೆಯ 29 ಕಾಯ್ದೆಗಳ ಬದಲಿಗೆ ಬಂದ ಈ ಸಂಹಿತೆಗಳನ್ನು ಸಂಸತ್ತು 2019 ಮತ್ತು 2020ರಲ್ಲಿ ಒಪ್ಪಿತು, ಅವು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕೆಲಸಕ್ಕೆ ಸೇರಿಸಿಕೊಂಡವರಿಗೆ ಮಾಲೀಕರು ನೇಮಕಾತಿ ಪತ್ರ ಕೊಡಬೇಕು. ನಿಗದಿತ ಅವಧಿಗೆಂದು ಸೇರಿಸಿಕೊಂಡವರಿಗೆ ಒಂದು ವರ್ಷದ ಸೇವೆಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು ಉಂಟು, ಕಾಯಂ ಇರುವವರಿಗಾದರೆ ಐದು ವರ್ಷ ಆಗಬೇಕು. ಸಂಹಿತೆಗಳಲ್ಲಿ ಕಾರ್ಮಿಕ ಸಂಘಟನೆಗಳು ಆಕ್ಷೇಪಿಸಿದ ಅಂಶಗಳೂ ಇವೆ, ಮುಷ್ಕರಕ್ಕೆ ಮೊದಲೇ ನೋಟಿಸ್ ಕೊಡಬೇಕೆಂಬ ಷರತ್ತು ಅವುಗಳಲ್ಲಿ ಮುಖ್ಯ. ಆ ಆಕ್ಷೇಪ ನನಗೂ ಸರಿಯೆನಿಸುತ್ತದೆ. ಆದರೆ ಸಿಕ್ಕಿರುವುದನ್ನು ಬಿಡಬಾರದು.

ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಅಂಗಡಿ, ಖಾನಾವಳಿಗಳು ಗ್ರಾಚ್ಯುಟಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಎಷ್ಟೋ ಹುಡುಗರು ಇರುವುದು ಅಲ್ಲಿಯೇ. ಇಲ್ಲಿ ಮಾಲೀಕರೂ ಕುಳಿತಿದ್ದೀರಿ. ಎಂಟೇ ಜನರಿದ್ದರೂ ಪತ್ರ ಕೊಡಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ, ನೀವೂ ಒಂದು ಕಾಲಕ್ಕೆ ಅದೇ ಅಡುಗೆಮನೆಯಲ್ಲಿ ಮಲಗಿ ಎದ್ದವರು.

ಸಂಸದರ ನಿಧಿಯ ಬಗ್ಗೆ ಎರಡೇ ಮಾತು. ವರ್ಷಕ್ಕೆ 5 ಕೋಟಿ ರೂಪಾಯಿ. ಸಂಸದರು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರಾತಿ ಜಿಲ್ಲಾಡಳಿತದ್ದು. ಫಲಕದ ಮೇಲೆ ಹೆಸರು ಎಷ್ಟು ದೊಡ್ಡದಿದ್ದರೂ ಹಣ ನಮ್ಮದೇ.

ಸಂಸದರ ನಿಜವಾದ ಬಲ ಇರುವುದು ಪ್ರಶ್ನೆಯಲ್ಲಿ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಅವಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ. ಹದಿನೈದು ದಿನ ಮುಂಚೆ ನೋಟಿಸ್ ಕೊಟ್ಟರಾಯಿತು. ಒಮ್ಮೆ ಉತ್ತರ ಬಂತೆಂದರೆ ಅದು ಸದನದ ದಾಖಲೆ, ನಾಳೆ ನ್ಯಾಯಾಲಯದಲ್ಲೂ ಎತ್ತಿ ತೋರಿಸಬಹುದು. ಕರಾವಳಿಯವರು ಮತ್ಸ್ಯಗಂಧ ರೈಲಿನ ಬೋಗಿಗಾಗಿ ಎಷ್ಟು ಮನವಿ ಕೊಟ್ಟಿದ್ದೀರಿ! ಅದೇ ಹಠವನ್ನು ಇದಕ್ಕೂ ತೋರಿಸಿ.

ಅದಕ್ಕಾಗಿ ಒಂದು ಪ್ರಶ್ನೆಯನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ತಂದಿದ್ದೇನೆ. ಓದುತ್ತೇನೆ: "2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಮುಂಬಯಿಯಲ್ಲಿ ಈವರೆಗೆ ಎಷ್ಟು ಮಂದಿಗೆ ಮಾರಾಟದ ಪ್ರಮಾಣಪತ್ರ ಕೊಡಲಾಗಿದೆ, ಹೊಸ ಸಮೀಕ್ಷೆ ಯಾವಾಗ, ಜಪ್ತಿ ಮಾಡಿದ ಕೆಡುವ ಪದಾರ್ಥಗಳನ್ನು ಅದೇ ದಿನ ಮರಳಿಸಿದ ದಾಖಲೆ ಎಲ್ಲಿದೆ?" ಹೊರಗಿನ ಮೇಜಿನ ಮೇಲೆ ಪ್ರತಿಗಳಿವೆ, ಸಹಿಗೆ ಜಾಗ ಬಿಟ್ಟಿದ್ದೇವೆ. ನಿಮ್ಮ ಕ್ಷೇತ್ರದ ಹೆಸರನ್ನು ನೀವೇ ತುಂಬಿ. ಮೊದಲ ಪ್ರತಿಯ ಮೇಲೆ ಆ ಅಕ್ಕ ನಿನ್ನೆಯೇ ಹೆಬ್ಬೆಟ್ಟು ಒತ್ತಿ ಹೋಗಿದ್ದಾಳೆ.