ಮೊಬೈಲ್ ಡೇಟಾ ನಿಂತಾಗ ಫೋನನ್ನು ಅಳಿಸಬೇಕೆ?

ಕೇಳುಗರಿಗೆ ನಮಸ್ಕಾರ.

ಫೋನಿನ ಮೇಲ್ತುದಿಯಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿಯಾಗಿ ಕಾಣುತ್ತಿರುತ್ತವೆ. ಕರೆ ಹೋಗುತ್ತದೆ, ಬರುತ್ತದೆ. ವೈಫೈ ಸಿಕ್ಕಿದ ಕಡೆ ಇಂಟರ್ನೆಟ್ಟೂ ನಡೆಯುತ್ತದೆ. ಆದರೆ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬಂದ ಕೂಡಲೇ ಯಾವ ಪುಟವೂ ತೆರೆಯುವುದಿಲ್ಲ. ಈ ತೊಂದರೆಗೆ ಸಿಕ್ಕಿದವರಿಗೆ ಬಹುಬೇಗ ಸಿಗುವ ಸಲಹೆ, ಫೋನನ್ನು ಫಾರ್ಮ್ಯಾಟ್ ಮಾಡಿಬಿಡಿ ಎಂಬುದು. ಹೇಳುವವರಿಗೆ ಸುಲಭವಾದ ಈ ಸಲಹೆ ಬಹುತೇಕ ಸಂದರ್ಭಗಳಲ್ಲಿ ಬೇಕಾಗಿಯೇ ಇರುವುದಿಲ್ಲ. ನಿಮ್ಮ ಫೋಟೋ, ಸಂದೇಶ, ಟಿಪ್ಪಣಿಗಳು ಇರುವುದು ಫೋನಿನ ಸಂಗ್ರಹದಲ್ಲಿ. ಮೊಬೈಲ್ ಡೇಟಾ ಕೆಡುವುದು ಸಿಮ್ಮಿನಲ್ಲಿ, ಟವರಿನೊಡನೆ ಮಾತನಾಡುವ ಭಾಗವಾದ ಮೋಡೆಮ್ಮಿನಲ್ಲಿ, ಕೆಲವೇ ಸಾಲುಗಳ ನೆಟ್‌ವರ್ಕ್ ಸೆಟ್ಟಿಂಗ್‌ಗಳಲ್ಲಿ, ಇಲ್ಲವೇ ಮೊಬೈಲ್ ಕಂಪನಿಯ ಕಡೆಯಲ್ಲಿ. ಹೀಗಿರುವಾಗ ಸಂಗ್ರಹವನ್ನು ಬರಿದು ಮಾಡಿದರೆ ಸಂಪರ್ಕ ಮರಳುತ್ತದೆಂದು ನಂಬಲು ಕಾರಣವಿಲ್ಲ. ಆದ್ದರಿಂದ ಸರಿಪಡಿಸುವ ಒಂದೊಂದು ಕ್ರಮವನ್ನು ಹೇಳುವಾಗಲೂ, ಅದು ಏನನ್ನು ಅಳಿಸುತ್ತದೆ, ಏನನ್ನು ಮುಟ್ಟುವುದಿಲ್ಲ ಎಂಬುದನ್ನು ಜೊತೆಗೇ ಹೇಳುತ್ತಾ ಹೋಗುತ್ತೇನೆ.

ಕರೆ ಬರುತ್ತಿದ್ದರೂ ಡೇಟಾ ಬಾರದಿರುವುದು ಹೇಗೆ ಎಂಬ ಪ್ರಶ್ನೆ ಸಹಜವಾದದ್ದು. ಫೋನು ಟವರಿನೊಡನೆ ಮಾತನಾಡಿ ಮೊಬೈಲ್ ಜಾಲದಲ್ಲಿ ನೋಂದಾಯಿಸಿಕೊಳ್ಳುವುದು ಒಂದು ಕೆಲಸ. ಅದಾದ ಮೇಲೆ, ಎಪಿಎನ್ ಎಂದು ಕರೆಯುವ ಒಂದು ಹೆಸರನ್ನು ಹೇಳಿ ಇಂಟರ್ನೆಟ್ಟಿಗಾಗಿ ಪ್ರತ್ಯೇಕ ಸಂಪರ್ಕವನ್ನು ಕೇಳುವುದು ಇನ್ನೊಂದು. ಕಂಪನಿಯ ಯಂತ್ರಗಳು ಆ ಹೆಸರನ್ನೂ ನಿಮ್ಮ ಯೋಜನೆಯಲ್ಲಿ ಡೇಟಾ ಉಂಟೋ ಇಲ್ಲವೋ ಎಂಬುದನ್ನೂ ನೋಡಿ, ಸರಿಯಿದ್ದರೆ ಫೋನಿಗೆ ಐಪಿ ವಿಳಾಸವನ್ನು, ಅಂದರೆ ಇಂಟರ್ನೆಟ್ಟಿನಲ್ಲಿ ಅದನ್ನು ಗುರುತಿಸುವ ಒಂದು ಸಂಖ್ಯೆಯನ್ನು ಕೊಡುತ್ತವೆ. 4ಜಿ ಜಾಲದಲ್ಲಿ ಕರೆಯೂ ಡೇಟಾದ ರೂಪದಲ್ಲೇ ಸಾಗುವುದು ನಿಜವಾದರೂ ಅದಕ್ಕೆ ಬಳಕೆಯಾಗುವ ಎಪಿಎನ್ ಬೇರೆ. ಸಿಗ್ನಲ್ ಕಡ್ಡಿಗಳಾದರೋ ಟವರಿನಿಂದ ಬರುವ ರೇಡಿಯೊ ಅಲೆಗಳ ಬಲವನ್ನಷ್ಟೇ ತೋರಿಸುತ್ತವೆ. ಆ ಎರಡನೆಯ ಕೆಲಸ ನಡೆದಿದೆಯೇ ಎಂಬುದನ್ನು ಅವು ಹೇಳಲಾರವು.

ಮೊದಲು ನೋಡಬೇಕಾದ ಸಂಗತಿಗಳು ಏನನ್ನೂ ಅಳಿಸುವಂಥವಲ್ಲ. ತೊಂದರೆ ಇರುವುದು ಒಂದೇ ಆ್ಯಪಿಗೋ ಎಲ್ಲಕ್ಕೂವೋ ಎಂದು ನೋಡಿ. ಐಫೋನಿನ ಮೊಬೈಲ್ ಡೇಟಾ ಪುಟದಲ್ಲಿ ಪ್ರತಿ ಆ್ಯಪಿಗೂ ಬೇರೆ ಬೇರೆ ಗುಂಡಿ ಇದ್ದು, ಅದು ಆಫ್ ಆಗಿದ್ದರೆ ಆ ಆ್ಯಪ್ ವೈಫೈಯಲ್ಲಿ ಮಾತ್ರ ನಡೆಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಡೇಟಾ ಮಿತಿ ಎಂಬ ಸೌಲಭ್ಯವಿದೆ. ಎಂದೋ ಅದನ್ನು ಆನ್ ಮಾಡಿ ಮರೆತಿದ್ದರೆ, ಬಳಕೆ ಆ ಮಿತಿಯನ್ನು ಮುಟ್ಟಿದ ಕ್ಷಣ ಫೋನು ತಾನಾಗಿಯೇ ಡೇಟಾವನ್ನು ನಿಲ್ಲಿಸುತ್ತದೆ. ಎರಡು ಸಿಮ್ ಇರುವ ಫೋನಿನಲ್ಲಿ ಡೇಟಾಕ್ಕೆ ಯಾವ ಸಿಮ್ ಆಯ್ಕೆಯಾಗಿದೆ ಎಂಬುದು, ಯೋಜನೆಯ ಅವಧಿ ಮುಗಿದಿದೆಯೇ ಎಂಬುದು, ಬೇರೆ ದೇಶದಲ್ಲಿದ್ದರೆ ರೋಮಿಂಗ್ ಆನ್ ಆಗಿದೆಯೇ ಎಂಬುದು, ಇವನ್ನೆಲ್ಲ ನೋಡಲು ನಿಮಿಷಗಳು ಸಾಕು. ಅದೇ ಕಂಪನಿಯ ಸಿಮ್ ಇರುವ ಇನ್ನೊಬ್ಬರ ಫೋನಿನಲ್ಲಿಯೂ ಅದೇ ಜಾಗದಲ್ಲಿ ಡೇಟಾ ಬಾರದಿದ್ದರೆ ನಿಮ್ಮ ಫೋನನ್ನು ದೂರುವ ಅಗತ್ಯವೇ ಇಲ್ಲ.

ಇವೆಲ್ಲ ಸರಿಯಿದ್ದರೆ ಏರೋಪ್ಲೇನ್ ಮೋಡನ್ನು ಅರ್ಧ ನಿಮಿಷ ಆನ್ ಮಾಡಿ, ಮತ್ತೆ ಆಫ್ ಮಾಡಿ. ಆಗ ಫೋನು ಜಾಲದಿಂದ ಪೂರ್ತಿ ಬಿಡಿಸಿಕೊಂಡು, ಹೊಸದಾಗಿ ನೋಂದಾಯಿಸಿಕೊಂಡು, ಹೊಸ ಐಪಿ ವಿಳಾಸವನ್ನು ಕೇಳುತ್ತದೆ. ಎಷ್ಟೋ ದೂರುಗಳು ಇಲ್ಲಿಯೇ ಮುಗಿಯುತ್ತವೆ. ಅದರಿಂದಲೂ ಆಗದಿದ್ದರೆ ಫೋನನ್ನು ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟಿನಿಂದ ಸಂಗ್ರಹದಲ್ಲಿರುವ ಯಾವುದೂ ಹೋಗುವುದಿಲ್ಲ. ಆದರೂ ಒಂದು ಎಚ್ಚರಿಕೆ ಬೇಕು. ಮರಳಿ ಚಾಲೂ ಆದ ಫೋನು ಮೊದಲ ಬಾರಿ ತೆರೆಯಲು ಬೆರಳಚ್ಚನ್ನಾಗಲಿ ಮುಖವನ್ನಾಗಲಿ ಒಪ್ಪುವುದಿಲ್ಲ, ಪಿನ್ ಅಥವಾ ಪಾಸ್‌ವರ್ಡನ್ನೇ ಕೇಳುತ್ತದೆ. ತಿಂಗಳುಗಟ್ಟಲೆ ಬೆರಳಿನಿಂದಲೇ ತೆರೆಯುತ್ತಾ ಬಂದವರು ಆ ಪಿನ್ ನೆನಪಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಸಿಮ್ಮಿಗೂ ಪಿನ್ ಹಾಕಿದ್ದರೆ ಅದನ್ನು ಊಹಿಸಲು ಹೋಗಬೇಡಿ: ಸಾಮಾನ್ಯವಾಗಿ 3 ಸಲ ತಪ್ಪಾದರೆ ಸಿಮ್ ಲಾಕ್ ಆಗಿ ಕಂಪನಿಯ ಪಿಯುಕೆ ಸಂಖ್ಯೆ ಬೇಕಾಗುತ್ತದೆ, ಆ ಸಂಖ್ಯೆಯೂ 10 ಸಲ ತಪ್ಪಾದರೆ ಸಿಮ್ ಶಾಶ್ವತವಾಗಿ ನಿಷ್ಕ್ರಿಯವಾಗುತ್ತದೆ.

ಕೆಲವೊಮ್ಮೆ ಡೇಟಾ ಸಂಪರ್ಕ ಸರಿಯಾಗಿಯೇ ಇದ್ದು, ಅದರ ಮೇಲೆ ಕೂತಿರುವ ಇನ್ನೊಂದು ಸೌಲಭ್ಯ ದಾರಿಯನ್ನು ಕಟ್ಟಿರುತ್ತದೆ. ಸಂಚಾರವನ್ನೆಲ್ಲ ಬೇರೊಂದು ಸರ್ವರಿನ ಮೂಲಕ ಮರೆಯಾಗಿ ಕಳಿಸುವ ವಿಪಿಎನ್ ಇದಕ್ಕೆ ಮೊದಲ ಉದಾಹರಣೆ. ಸದಾ ಆನ್ ಇರಲಿ, ವಿಪಿಎನ್ ಇಲ್ಲದೆ ಸಂಪರ್ಕವೇ ಬೇಡ ಎಂದು ಆಯ್ಕೆ ಮಾಡಿದ್ದರೆ, ವಿಪಿಎನ್ ಸೇವೆ ನಿಂತ ದಿನ ಇಂಟರ್ನೆಟ್ಟೂ ನಿಲ್ಲುತ್ತದೆ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ, ತಾಣದ ಹೆಸರಿಗೆ ತಕ್ಕ ವಿಳಾಸವನ್ನು ಯಾವ ಸರ್ವರಿನಲ್ಲಿ ಕೇಳಬೇಕೆಂದು ಹೇಳುವ ಪ್ರೈವೇಟ್ ಡಿಎನ್‌ಎಸ್ ಎಂಬ ಆಯ್ಕೆಯೂ ಇದೆ. ಜಾಹೀರಾತು ತಡೆಯಲೆಂದು ಅಲ್ಲಿ ಯಾವುದೋ ಸರ್ವರಿನ ಹೆಸರನ್ನು ಬರೆದಿದ್ದು, ಆ ಸರ್ವರು ಉತ್ತರಿಸದಿದ್ದರೆ ಒಂದು ಪುಟವೂ ತೆರೆಯದು. ಅದನ್ನು ಆಟೊಮ್ಯಾಟಿಕ್ ಎಂದು ಬದಲಿಸಿ ನೋಡಬಹುದು. ಫೋನಿನ ದಿನಾಂಕ ತಪ್ಪಾಗಿದ್ದರೂ ಹೀಗೇ ಆಗುತ್ತದೆ, ಏಕೆಂದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿದ್ದು, ಅವುಗಳ ಹೊರಗೆ ಬಿದ್ದ ಫೋನು ಆ ತಾಣವನ್ನೇ ನಂಬುವುದಿಲ್ಲ. ಈ ಮೂರು ದೋಷಗಳು ಇದ್ದರೆ ಸಾಮಾನ್ಯವಾಗಿ ವೈಫೈಯಲ್ಲೂ ಕಾಣಿಸಿಕೊಳ್ಳುತ್ತವೆ ಎಂಬುದನ್ನು ಗಮನಿಸಿದರೆ ಹುಡುಕಾಟ ಬೇಗ ಮುಗಿಯುತ್ತದೆ.

ವೈಫೈ ಸರಿಯಿದ್ದು ಡೇಟಾ ಮಾತ್ರ ನಿಂತಾಗ ನನ್ನ ಮೊದಲ ಅನುಮಾನ ಎಪಿಎನ್ ಮೇಲೆ. ಸಿಮ್ ಬದಲಿಸಿದಾಗ, ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಿಸಿದಾಗ, ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದಾಗ ಈ ಸೆಟ್ಟಿಂಗ್ ತಪ್ಪಿಹೋಗುವುದುಂಟು. ಆಂಡ್ರಾಯ್ಡಿನಲ್ಲಿ ಸಿಮ್ ಅಥವಾ ಮೊಬೈಲ್ ನೆಟ್‌ವರ್ಕ್ ಪುಟದ ಒಳಗೆ ಆ್ಯಕ್ಸೆಸ್ ಪಾಯಿಂಟ್ ನೇಮ್ಸ್ ಎಂಬ ಸಾಲಿರುತ್ತದೆ. ಫೋನಿನಿಂದ ಫೋನಿಗೆ ಪುಟಗಳ ಹೆಸರು ಬೇರೆಯಾಗುವುದರಿಂದ, ಸೆಟ್ಟಿಂಗ್ಸ್ ಪುಟದ ಮೇಲಿರುವ ಹುಡುಕುವ ಜಾಗದಲ್ಲಿ ಎಪಿಎನ್ ಎಂದು ಬರೆದು ಹುಡುಕುವುದೇ ಸುಲಭ. ಏನನ್ನಾದರೂ ಬದಲಿಸುವ ಮುನ್ನ ಈಗಿರುವುದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬಳಿಕ ಮೂಲೆಯ ಮೂರು ಚುಕ್ಕೆಗಳನ್ನು ಒತ್ತಿ, ಡಿಫಾಲ್ಟಿಗೆ ಮರಳಿಸುವ ಆಯ್ಕೆಯನ್ನು ಬಳಸಿ. ಅಷ್ಟರಿಂದ ಆಗದಿದ್ದರೆ ಕಂಪನಿಯ ಅಧಿಕೃತ ತಾಣದಲ್ಲಿರುವ ಎಪಿಎನ್ ಹೆಸರನ್ನು ಒಂದಕ್ಷರವೂ ತಪ್ಪದಂತೆ ಬರೆಯಬೇಕು. ಎಪಿಎನ್ ಟೈಪ್ ಎಂಬಲ್ಲಿ ಡಿಫಾಲ್ಟ್ ಎಂಬ ಪದ ಇರಲೇಬೇಕು. ಅದಿಲ್ಲದೆ ಎಂಎಂಎಸ್ ಎಂದಷ್ಟೇ ಇದ್ದರೆ ಆ ಸಂಪರ್ಕವನ್ನು ಫೋನು ಇಂಟರ್ನೆಟ್ಟಿಗೆ ಬಳಸುವುದಿಲ್ಲ. ಪ್ರೊಟೊಕಾಲ್ ಎಂಬಲ್ಲಿ ಐಪಿವಿ4 ಮತ್ತು ಐಪಿವಿ6 ಎರಡೂ ಸೇರಿದ ಆಯ್ಕೆ ಹೆಚ್ಚಿನ ಜಾಲಗಳಿಗೆ ಒಗ್ಗುತ್ತದೆ. ಪ್ರಾಕ್ಸಿ ಮತ್ತು ಪೋರ್ಟ್ ಎಂಬ ಜಾಗಗಳನ್ನು, ಕಂಪನಿ ಬೇರೆ ಹೇಳದಿದ್ದರೆ, ಖಾಲಿ ಬಿಡಬೇಕು. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಅಪರಿಚಿತರು ಸಂದೇಶದಲ್ಲಿ ಕಳಿಸಿದ ಸೆಟ್ಟಿಂಗನ್ನು ಒಪ್ಪಿ ಅಲ್ಲೊಂದು ಪ್ರಾಕ್ಸಿ ಸೇರಿಕೊಂಡರೆ ನಿಮ್ಮ ಸಂಚಾರವೆಲ್ಲ ಬೇರೆಯವರ ಯಂತ್ರದ ಮೂಲಕ ಹಾದುಹೋಗಬಹುದು. ಎಪಿಎನ್ ಬದಲಾವಣೆಯಿಂದ ಫೋಟೋ, ಸಂದೇಶ, ಸಂಪರ್ಕ ಸಂಖ್ಯೆ ಯಾವುದಕ್ಕೂ ಧಕ್ಕೆಯಿಲ್ಲ.

ಐಫೋನಿನಲ್ಲಿ ಎಪಿಎನ್ ಪುಟ ಕಾಣಿಸುವುದೂ ಬಿಡುವುದೂ ಮೊಬೈಲ್ ಕಂಪನಿಯನ್ನು ಅವಲಂಬಿಸಿದೆ. ಅಲ್ಲಿ ಹಳೆಯ ಕಂಪನಿಯ ಪ್ರೊಫೈಲೊಂದು ಉಳಿದುಕೊಂಡು ಅಡ್ಡಿಯಾಗುವುದುಂಟು, ಅದನ್ನು ತೆಗೆಯಬಹುದು. ಆದರೆ ಕಚೇರಿಯವರು ಹಾಕಿಕೊಟ್ಟ ಪ್ರೊಫೈಲನ್ನು ಕೇಳದೆ ತೆಗೆಯಬೇಡಿ, ಅದರೊಡನೆ ಕಚೇರಿಯ ಮೇಲ್ ಮತ್ತು ಆ್ಯಪ್‌ಗಳೂ ಹೊರಟುಹೋಗುತ್ತವೆ.

ಸಿಮ್ಮಿನ ವಿಷಯಕ್ಕೆ ಬರೋಣ. ಫೋನನ್ನು ಆಫ್ ಮಾಡಿ, ಸಿಮ್ ತೆಗೆದು, ಒಣಗಿದ ಮೃದುವಾದ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ. ಆಮೇಲೆ ಅದೇ ಸಿಮ್ಮನ್ನು ಬೇರೊಂದು ಫೋನಿನಲ್ಲಿಯೂ, ಬೇರೊಂದು ಸಿಮ್ಮನ್ನು ನಿಮ್ಮ ಫೋನಿನಲ್ಲಿಯೂ ಹಾಕಿ ನೋಡಿ. ತೊಂದರೆ ಸಿಮ್ಮಿನ ಹಿಂದೆ ಹೋಯಿತೋ ಫೋನಿನಲ್ಲೇ ಉಳಿಯಿತೋ ಎಂಬುದು ಆಗ ತಿಳಿಯುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಈ ಪರೀಕ್ಷೆ ನಡೆಯುವವರೆಗೆ ಫಾರ್ಮ್ಯಾಟಿನ ಮಾತೇ ಬರಬಾರದು. ಕೆಲವು ಬ್ಯಾಂಕ್ ಆ್ಯಪ್‌ಗಳು ಸಿಮ್ ಬದಲಾದುದನ್ನು ಕಂಡು ಮತ್ತೆ ನೋಂದಣಿ ಕೇಳಬಹುದು. ಆದ್ದರಿಂದ ಪರೀಕ್ಷೆಯ ಹೊತ್ತಿನಲ್ಲಿ ಅವನ್ನು ತೆರೆಯದಿರುವುದು ಒಳ್ಳೆಯದು. ಸಿಮ್ಮೇ ಕೆಟ್ಟಿದ್ದು ಹೊಸದನ್ನು ಪಡೆಯಬೇಕಾದರೆ, ಹಳೆಯದರಲ್ಲಿ ಮಾತ್ರ ಉಳಿಸಿದ ಸಂಪರ್ಕ ಸಂಖ್ಯೆಗಳನ್ನು ಮೊದಲು ಫೋನಿಗೋ ಖಾತೆಗೋ ನಕಲು ಮಾಡಿಕೊಳ್ಳಿ. ಹೊಸ ಸಿಮ್ಮಿಗೆ ನಿಮ್ಮ ಸಂಖ್ಯೆ ಬರುತ್ತದೆ, ಆ ಪಟ್ಟಿ ಬರುವುದಿಲ್ಲ.

ಇನ್ನು ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್. ಐಫೋನಿನಲ್ಲಿ ಇದು ಜನರಲ್ ಪುಟದ ಕೊನೆಯಲ್ಲಿರುವ ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್ ಎಂಬುದರ ಒಳಗಿದೆ. ಆಂಡ್ರಾಯ್ಡಿನ ಅನೇಕ ಫೋನುಗಳಲ್ಲಿ ಸಿಸ್ಟಮ್ ಪುಟದ ರೀಸೆಟ್ ಆಪ್ಷನ್ಸ್ ಎಂಬಲ್ಲಿದೆ. ಉಳಿಸಿಟ್ಟ ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಣೆಗಳು, ಕೈಯಾರೆ ಹಾಕಿದ ವಿಪಿಎನ್ ಮತ್ತು ಎಪಿಎನ್ ಸೆಟ್ಟಿಂಗ್‌ಗಳು ಇದರಿಂದ ಅಳಿಯಬಹುದು. ಫೋಟೋ, ಸಂದೇಶ, ಆ್ಯಪ್‌ಗಳು ಹಾಗೆಯೇ ಉಳಿಯುತ್ತವೆ. ಹಾಗಾಗಿ ವೈಫೈ ಪಾಸ್‌ವರ್ಡನ್ನು ಮೊದಲೇ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ದೊಡ್ಡ ನಷ್ಟವೇನೂ ಇಲ್ಲ. ಅಪಾಯ ಇರುವುದು ಆ ಪುಟದ ಜೋಡಣೆಯಲ್ಲಿ: ಎಲ್ಲವನ್ನೂ ಅಳಿಸುವ ಆಯ್ಕೆಯೂ ಅದೇ ಪುಟದಲ್ಲಿ, ಕೆಲವೇ ಸಾಲುಗಳ ಅಂತರದಲ್ಲಿ ಇರುತ್ತದೆ. ಇರೇಸ್ ಎಂಬ ಪದ ಇರುವ ಯಾವ ಸಾಲನ್ನೂ ಒತ್ತಬೇಡಿ. ಕಾರ್ಡಿಲ್ಲದೆ ಫೋನಿನೊಳಗೇ ಇರುವ ಇಸಿಮ್ ಬಳಸುವವರಿಗೆ ಅದನ್ನೂ ಅಳಿಸಬೇಕೆ ಎಂಬ ಪ್ರಶ್ನೆ ಬರಬಹುದು. ಅಳಿಸಿದರೆ ಕಂಪನಿಯಿಂದ ಮತ್ತೆ ಪಡೆಯಬೇಕಾಗುತ್ತದೆ, ಆದ್ದರಿಂದ ಬೇಡವೆನ್ನಿ. ಇಂಥದೇ ಇನ್ನೊಂದು ಹಳ್ಳ ಆ್ಯಪ್ ಮಾಹಿತಿ ಪುಟದಲ್ಲಿದೆ. ಮೊಬೈಲ್ ಡೇಟಾ ಸರಿಪಡಿಸಲೆಂದು ಹೊರಟವರು ಅಲ್ಲಿ ಕ್ಲಿಯರ್ ಡೇಟಾ ಎಂಬ ಗುಂಡಿಯನ್ನು ಕಂಡು ಒತ್ತಿಬಿಟ್ಟರೆ ಆ ಆ್ಯಪಿನೊಳಗೆ ಉಳಿಸಿದ್ದೆಲ್ಲ ಹೋಗುತ್ತದೆ. ತಾತ್ಕಾಲಿಕ ಕಡತಗಳಾದ ಕ್ಯಾಶೆಯನ್ನು ಅಳಿಸುವುದಷ್ಟೇ ನಿರಪಾಯ.

ಇಷ್ಟಾದರೂ ಡೇಟಾ ಬಾರದಿದ್ದರೆ, ಕರೆ ಮಾಡುವ ಪರದೆಯಲ್ಲಿ ನಕ್ಷತ್ರ ಚಿಹ್ನೆ, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಎಂದು ಒತ್ತಿ. ಫೋನಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಕಾಣಬೇಕು. ಅದು ಖಾಲಿಯಾಗಿಯೋ ಬರೀ ಸೊನ್ನೆಗಳಾಗಿಯೋ ಕಂಡರೆ ಮೋಡೆಮ್ಮಿನ ಭಾಗವೇ ಕೆಟ್ಟಿರುವ ಸಾಧ್ಯತೆ ಹೆಚ್ಚು, ಮತ್ತು ಅದನ್ನು ಫಾರ್ಮ್ಯಾಟಿನಿಂದ ಸರಿಪಡಿಸುವ ಭರವಸೆ ಬೇಡ.

ಫಾರ್ಮ್ಯಾಟ್, ಅಂದರೆ ಫ್ಯಾಕ್ಟರಿ ರೀಸೆಟ್, ಎಂದೂ ಬೇಕಾಗುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಬೇರೆ ಸಿಮ್ ಹಾಕಿದರೂ ತೊಂದರೆ ಉಳಿದಿದ್ದು, ಸಾಫ್ಟ್‌ವೇರ್ ಅಪ್‌ಡೇಟ್ ಆದ ಬಳಿಕವೇ ಅದು ಶುರುವಾಗಿದ್ದು, ನೆಟ್‌ವರ್ಕ್ ರೀಸೆಟ್ಟಿನಿಂದಲೂ ಫಲ ಸಿಗದಿದ್ದಾಗ ಅದನ್ನು ಯೋಚಿಸಬಹುದು. ಆದರೆ ಇಂದಿನ ಫೋನುಗಳಲ್ಲಿ ಸಂಗ್ರಹವೆಲ್ಲ ಗೂಢಲಿಪಿಯಲ್ಲಿದ್ದು, ರೀಸೆಟ್ ಆದಾಗ ಅದನ್ನು ಬಿಡಿಸುವ ಕೀಲಿಯೇ ನಾಶವಾಗುತ್ತದೆ. ಮರುಪಡೆಯುವ ಯಾವ ತಂತ್ರಾಂಶವೂ ಆಮೇಲೆ ಪ್ರಯೋಜನಕ್ಕೆ ಬಾರದು. ಆದ್ದರಿಂದ ವೈಫೈ ಇರುವಲ್ಲಿ ಕೂತು ಮೊದಲು ಬ್ಯಾಕಪ್ ಮುಗಿಸಬೇಕು, ಫೋಟೋಗಳು ನಿಜವಾಗಿ ಖಾತೆಯನ್ನು ತಲುಪಿವೆಯೇ ಎಂದು ಇನ್ನೊಂದು ಸಾಧನದಲ್ಲಿ ತೆರೆದು ನೋಡಬೇಕು. ಚಾಟ್ ಆ್ಯಪ್‌ಗಳ ಬ್ಯಾಕಪ್ ಬೇರೆಯಾಗಿಯೇ ಇರುತ್ತದೆ. ಲಾಗಿನ್ ಸಂಕೇತಗಳನ್ನು ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಬೇರೆ ಸಾಧನಕ್ಕೆ ವರ್ಗಾಯಿಸಿಕೊಳ್ಳದೆ ಮುಂದುವರಿಯಬಾರದು. ಐಫೋನನ್ನು ಕಂಪ್ಯೂಟರಿಗೆ ಬ್ಯಾಕಪ್ ಮಾಡುವವರು ಎನ್‌ಕ್ರಿಪ್ಟ್ ಆಯ್ಕೆಯನ್ನು ಆರಿಸಿಕೊಳ್ಳಬೇಕು, ಏಕೆಂದರೆ ಉಳಿಸಿದ ಪಾಸ್‌ವರ್ಡ್‌ಗಳೂ ಆರೋಗ್ಯದ ದಾಖಲೆಗಳೂ ಅದರಲ್ಲಿ ಮಾತ್ರ ಸೇರುತ್ತವೆ. ಗೂಗಲ್ ಅಥವಾ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೂಡ ಕೈಯಲ್ಲಿರಲಿ. ಕಳ್ಳತನ ತಡೆಯಲೆಂದು ಇಟ್ಟ ಬೀಗದಿಂದಾಗಿ, ರೀಸೆಟ್ ಆದ ಫೋನು ಹಳೆಯ ಖಾತೆಯ ವಿವರವನ್ನು ಕೇಳಬಹುದು.

ಕೊನೆಗೆ ರಿಪೇರಿಗೆ ಕೊಡುವುದಾದರೆ ಸಿಮ್ಮನ್ನೂ ಮೆಮೊರಿ ಕಾರ್ಡನ್ನೂ ತೆಗೆದುಕೊಂಡು ಕೊಡಿ, ಪರದೆಯ ಪಿನ್ ಹೇಳಬೇಡಿ. ಗೂಗಲ್ ಪಿಕ್ಸೆಲ್ ಫೋನುಗಳಲ್ಲಿ ರಿಪೇರಿ ಮೋಡ್, ಸ್ಯಾಮ್‌ಸಂಗ್‌ನ ಅನೇಕ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಎಂಬ ಸೌಲಭ್ಯವಿದ್ದು, ಅದನ್ನು ಆನ್ ಮಾಡಿದರೆ ರಿಪೇರಿಯವರಿಗೆ ಫೋನು ಕೆಲಸಕ್ಕೆ ಸಿಗುತ್ತದೆ, ನಿಮ್ಮ ಫೋಟೋ ಸಂದೇಶಗಳು ಕಾಣುವುದಿಲ್ಲ. ಫೋನು ಮರಳಿ ಕೈಗೆ ಬಂದಾಗ ನಿಮ್ಮ ಪಿನ್ ಕೊಟ್ಟು ಆ ಮೋಡಿನಿಂದ ಹೊರಬನ್ನಿ, ಸಿಮ್ ಹಾಕಿ, ವೈಫೈ ಆಫ್ ಮಾಡಿ, ಡೇಟಾದಲ್ಲಿ ಒಂದು ಪುಟ ತೆರೆಯುವುದನ್ನು ಅಲ್ಲಿಯೇ ನೋಡಿಕೊಂಡು ಹೊರಡಿ. ನಮಸ್ಕಾರ.